ಒಂದೇ ವಾದ್ಯ, ಮೂರು ಕೈ

ಬೋಧನಾಭ್ಯಾಸಕ್ಕೆ ಶಾಲೆಗಳಿಗೆ ಹೊರಡುವ ಮೊದಲು ಪ್ರಶಿಕ್ಷಣಾರ್ಥಿಗಳಾದ ನಮಗೆ ಒಂದು ಮಾದರಿ ಪಾಠ ತೋರಿಸುತ್ತಾರೆ. ಒಂದು ಘಟಕ, ಒಬ್ಬ ಅಧ್ಯಾಪಕರು, ಒಂದು ವಿಧಾನ. ಆಮೇಲೆ ನಮ್ಮ ಪಾಠಯೋಜನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪೀಠಿಕೆಯ ಪ್ರಶ್ನೆ, ಕಪ್ಪುಹಲಗೆಯ ಸಾರಾಂಶ, ಮನೆಗೆಲಸ ಎಲ್ಲವೂ ಅಕ್ಕತಂಗಿಯರಂತೆ ಕಾಣುತ್ತವೆ. ಮಾದರಿ ಪಾಠ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದೇ ಸಾಲದು, ಅದೇ ಘಟಕಕ್ಕೆ ಮೂರು ಬೇಕು ಎನ್ನುವುದು ನನ್ನ ಅಭಿಪ್ರಾಯ. ಹೀಗೆ ಯೋಚಿಸಲು ಹಚ್ಚಿದ್ದು ರಾಕ್ ಸಂಗೀತದ ಒಂದು ಸಾಕ್ಷ್ಯಚಿತ್ರ.

ಚಿತ್ರದ ಹೆಸರು ‘ಇಟ್ ಮೈಟ್ ಗೆಟ್ ಲೌಡ್’, ತೆರೆಕಂಡದ್ದು 2008ರಲ್ಲಿ. ನಿರ್ದೇಶಕ ಡೇವಿಸ್ ಗುಗನ್‌ಹೈಮ್. ಲಾಸ್ ಏಂಜಲೀಸ್‌ನ ಶಾಲೆಗಳಲ್ಲಿ ಮೊದಲ ವರ್ಷ ಕಲಿಸುತ್ತಿದ್ದ ಐವರು ಶಿಕ್ಷಕರನ್ನು ಕುರಿತು 2001ರಲ್ಲಿ ‘ದಿ ಫಸ್ಟ್ ಇಯರ್’ ತೆಗೆದವರೂ ಇವರೇ. ಈ ಚಿತ್ರದಲ್ಲಿ ಅವರು ಮೂರು ತಲೆಮಾರಿನ ಎಲೆಕ್ಟ್ರಿಕ್ ಗಿಟಾರ್ ವಾದಕರನ್ನು ಒಂದೆಡೆ ಕೂರಿಸುತ್ತಾರೆ: ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್, ಯು2 ತಂಡದ ದಿ ಎಡ್ಜ್, ವೈಟ್ ಸ್ಟ್ರೈಪ್ಸ್ ತಂಡದ ಜ್ಯಾಕ್ ವೈಟ್.

ವಾದ್ಯದ ಹಿಂದಿನ ವಿಜ್ಞಾನ ಮೂವರಿಗೂ ಒಂದೇ. ಉಕ್ಕಿನ ತಂತಿ ಕಂಪಿಸಿದಾಗ ಅದರ ಕೆಳಗಿನ ಅಯಸ್ಕಾಂತಕ್ಕೆ ಸುತ್ತಿದ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಆ ಸಣ್ಣ ಸಂಕೇತವನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ನಾವು ಪ್ರೌಢಶಾಲೆಯಲ್ಲಿ ಕಲಿಸುವ ಫ್ಯಾರಡೆಯ ತತ್ವವೇ ಇದು. ಆದರೆ ಮೂವರ ನಾದ ಮೂರು ಬಗೆ.

ಚಿತ್ರದ ಆರಂಭದಲ್ಲೇ ಜ್ಯಾಕ್ ವೈಟ್ ಹಲಗೆಯೊಂದಕ್ಕೆ ಮೊಳೆ ಹೊಡೆದು, ತಂತಿ ಬಿಗಿದು, ಕೋಕಾ ಕೋಲಾ ಬಾಟಲಿಯನ್ನು ಅದರಡಿಗೆ ಸಿಕ್ಕಿಸಿ, ಪಿಕಪ್ ಜೋಡಿಸಿ ಒಂಟಿ ತಂತಿಯ ಗಿಟಾರ್ ಮಾಡಿ ನುಡಿಸಿಬಿಡುತ್ತಾರೆ. ಕಡಿಮೆ ವೆಚ್ಚದ ಬೋಧನೋಪಕರಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸಲೀಸಾಗಿ ನುಡಿಯುವ ವಾದ್ಯ ಅವರಿಗೆ ಬೇಡ. ವಾದ್ಯದೊಂದಿಗೆ ಸೆಣಸಿದರೇ ಸಂಗೀತ ಹುಟ್ಟುತ್ತದೆ ಎನ್ನುವ ನಂಬಿಕೆ ಅವರದು. ದಿ ಎಡ್ಜ್ ಇದಕ್ಕೆ ತೀರಾ ಬೇರೆ. ಅವರು ನುಡಿಸುವ ಸ್ವರಗಳು ಕೆಲವೇ; ಪ್ರತಿಧ್ವನಿಯನ್ನು ಕಾಲಕ್ಕೆ ಸರಿಯಾಗಿ ಮರಳಿಸುವ ಉಪಕರಣಗಳಿಂದ ಅವನ್ನು ಹಿಗ್ಗಿಸುತ್ತಾರೆ. ಆ ಉಪಕರಣಗಳನ್ನು ಆರಿಸಿ ನುಡಿಸಿ ತೋರಿಸಿದಾಗ ಉಳಿಯುವುದು ತೀರಾ ಸರಳ ಸ್ವರ. ಪೇಜ್ ಅವರದು ಏರಿಳಿತದ ದಾರಿ: ಮೆಲುದನಿಯಿಂದ ಅಬ್ಬರಕ್ಕೆ, ಅಬ್ಬರದಿಂದ ಮತ್ತೆ ಮೆಲುದನಿಗೆ. ಪಿಟೀಲಿನ ಕಮಾನಿನಿಂದಲೂ ಗಿಟಾರ್ ನುಡಿಸಿದವರು ಅವರು.

ಶೈಲಿ ಎಂದರೆ ಕೊನೆಗೆ ಹಚ್ಚುವ ಬಣ್ಣ ಎಂದುಕೊಂಡಿರುತ್ತೇವೆ. ಈ ಮೂವರಲ್ಲಿ ಶೈಲಿ ಒಂದು ನಿರ್ಧಾರ: ಯಾವುದನ್ನು ಬಿಡಬೇಕು, ಯಾವುದಕ್ಕೆ ಸಮಯ ಕೊಡಬೇಕು ಎನ್ನುವ ನಿರ್ಧಾರ. ತರಗತಿಯಲ್ಲೂ ಹಾಗೆಯೇ. ವಿದ್ಯುತ್ಕಾಂತೀಯ ಪ್ರೇರಣೆಯನ್ನು ಒಬ್ಬರು ಸುರುಳಿ ಮತ್ತು ಅಯಸ್ಕಾಂತವನ್ನು ಮಕ್ಕಳ ಕೈಗೆ ಕೊಟ್ಟು ಆರಂಭಿಸಬಹುದು. ಇನ್ನೊಬ್ಬರು ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾಯಬಹುದು. ಮತ್ತೊಬ್ಬರು ಫ್ಯಾರಡೆಯ ಕತೆಯಿಂದ ಹೊರಡಬಹುದು. ಮೂರನ್ನೂ ನೋಡಿದವರಿಗೆ ಮಾತ್ರ ಆಯ್ಕೆ ಎನ್ನುವುದೊಂದಿದೆ ಎಂದು ತಿಳಿಯುತ್ತದೆ. ಒಂದನ್ನೇ ನೋಡಿದವರಿಗೆ ಅದು ನಿಯಮವಾಗಿ ಕಾಣುತ್ತದೆ.

ಇದಕ್ಕೆ ಹಿರಿಯರ ಆಕ್ಷೇಪ ಏನೆಂದು ಊಹಿಸಬಲ್ಲೆ: ಮೊದಲು ಕೌಶಲ ಕಲಿಯಲಿ, ಶೈಲಿ ಆಮೇಲೆ ಬರುತ್ತದೆ. ಅರ್ಧ ಒಪ್ಪುತ್ತೇನೆ. ಪೇಜ್ ಕೂಡ 1960ರ ದಶಕದಲ್ಲಿ ಲಂಡನ್ನಿನ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡುಗಳಿಗೆ ಕೇಳಿದ್ದನ್ನು ಕೇಳಿದಂತೆ ನುಡಿಸಿದವರು. ಆ ಶಿಸ್ತು ಅವರ ಕೈ ಪಳಗಿಸಿತು. ಆದರೆ ಅಲ್ಲೇ ಉಳಿದಿದ್ದರೆ ಲೆಡ್ ಜೆಪ್ಲಿನ್ ಇರುತ್ತಿರಲಿಲ್ಲ. ಸೂಕ್ಷ್ಮ ಬೋಧನೆಯಲ್ಲಿ ನಾವು ಪೀಠಿಕೆ, ಪ್ರಶ್ನಿಸುವಿಕೆ, ವಿವರಣೆಗಳನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡುವುದು ಸರಿಯೇ. ಅವನ್ನು ನಮ್ಮದೇ ರೀತಿಯಲ್ಲಿ ಕೂಡಿಸುವ ಅಭ್ಯಾಸ ಯಾವಾಗ? ಅವಲೋಕನ ಪಟ್ಟಿಯಲ್ಲಿ ಪ್ರತಿ ಕೌಶಲಕ್ಕೂ ಅಂಕವಿದೆ. ‘ಈ ದಾರಿಯನ್ನೇ ಏಕೆ ಹಿಡಿದಿರಿ?’ ಎಂದು ಕೇಳುವ ಸಾಲಿಲ್ಲ. ಅಂಕ ಇರುವ ಕಡೆಗೇ ನಾವು ಹೋಗುತ್ತೇವೆ, ಅದು ಸಹಜ.

ಒಂದು ವ್ಯತ್ಯಾಸವನ್ನು ಮರೆಯಬಾರದು. ಗಿಟಾರ್ ವಾದಕನ ಪ್ರಯೋಗ ಕೆಟ್ಟರೆ ಕೆಡುವುದು ಒಂದು ಹಾಡು. ನಮ್ಮ ಪ್ರಯೋಗ ಕೆಟ್ಟರೆ ಒಂದು ತರಗತಿಯ ಮಕ್ಕಳು ಒಂದು ಅವಧಿ ಕಳೆದುಕೊಳ್ಳುತ್ತಾರೆ. ಆದ್ದರಿಂದ ಶಿಕ್ಷಕರ ಶೈಲಿಗೆ ಅಳತೆಗೋಲು ಶಿಕ್ಷಕರ ಖುಷಿಯಲ್ಲ, ಮಕ್ಕಳ ಕಲಿಕೆ. ಚಿತ್ರಕ್ಕೂ ಒಂದು ಕೊರತೆಯಿದೆ: ಮೂವರೂ ಗಂಡಸರು, ಮೂವರೂ ಖ್ಯಾತರು. ನಾವು ಆರಿಸುವ ಮೂವರಲ್ಲಿ ಮಹಿಳೆಯರೂ ಇರಲಿ, ಪ್ರಯೋಗಾಲಯವೇ ಇಲ್ಲದ ಹಳ್ಳಿ ಶಾಲೆಯ ಶಿಕ್ಷಕರೂ ಇರಲಿ.

ನನ್ನ ಸಲಹೆ ಚಿಕ್ಕದು. ಮುಂದಿನ ಬೋಧನಾಭ್ಯಾಸಕ್ಕೆ ಮುನ್ನ ಒಂದೇ ಘಟಕವನ್ನು ಮೂವರು ಶಿಕ್ಷಕರು ಕಲಿಸಲಿ, ನಾವು ನೋಡೋಣ. ಬಳಿಕ ಆ ಮೂವರೂ ನಮ್ಮೆದುರು ಕುಳಿತು, ತಾವು ಏನನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂದು ಪರಸ್ಪರ ಕೇಳಿಕೊಳ್ಳಲಿ. ಚಿತ್ರದಲ್ಲಿ ಪೇಜ್ ತಮ್ಮ ಹಳೆಯ ಹಾಡೊಂದನ್ನು ನುಡಿಸತೊಡಗಿದಾಗ ಉಳಿದಿಬ್ಬರ ಮುಖದಲ್ಲಿ ಮಕ್ಕಳ ನಗು ಅರಳುತ್ತದೆ. ಇಬ್ಬರೂ ಹೆಸರು ಮಾಡಿದವರೇ; ಆದರೂ ಇನ್ನೊಬ್ಬರ ಕೈಯನ್ನು ಕಣ್ಣರಳಿಸಿ ನೋಡುತ್ತಾರೆ. ಅವಲೋಕನ ಎಂದರೆ ಅದು. ಕೈಯಲ್ಲಿ ಪಟ್ಟಿ ಹಿಡಿದು ಕೂರುವ ನಮಗೂ, ನಮ್ಮ ಗುರುಗಳಿಗೂ ಅದು ಸಾಧ್ಯವಾಗಬೇಕು.