ಅಂಕಿತವೋ, ಅಲಂಕಾರವೋ?

ದುರ್ಗದಬೈಲಿನ ಸುತ್ತಮುತ್ತಲಿನ ಓಣಿಗಳಲ್ಲಿ ಇತ್ತಿತ್ತಲಾಗಿ ಒಂದು ಹೊಸ ಬಗೆಯ ವ್ಯಾಪಾರ ತಲೆಯೆತ್ತುತ್ತಿದೆ. ಬಟ್ಟೆಯ ಅಂಗಡಿಯವನು ಬಟ್ಟೆಯನ್ನು ಮಾರುತ್ತಾನೆ. ಪಾತ್ರೆಯ ಅಂಗಡಿಯವನು ಪಾತ್ರೆಯನ್ನು ಮಾರುತ್ತಾನೆ. ಈ ಹೊಸಬನು ಅವರಿಬ್ಬರಿಗೂ ಮುಖಗಳನ್ನು ಮಾರುತ್ತಾನೆ. ಅಂಗಡಿಯ ಹಲಗೆ, ಕೈಚೀಲದ ಮೇಲಿನ ಚಿತ್ರ, ಪಾವತಿಯ ತಲೆಬರಹ, ಲಗ್ನಪತ್ರಿಕೆ, ಮೊಬೈಲಿನಲ್ಲಿ ಹರಿದಾಡುವ ಜಾಹೀರಾತು ಇವೆಲ್ಲ ಅವನ ಕಸುಬಿನೊಳಗೆ ಬರುತ್ತವೆ. ಗ್ರಾಫಿಕ್ ಡಿಸೈನ್ ಎಂದು ಅದಕ್ಕೆ ಹೆಸರು. ಕಸುಬು ಒಳ್ಳೆಯದೇ. ಓದಿದ ಹುಡುಗರು ಬೆಂಗಳೂರಿನ ರೈಲು ಹತ್ತದೆ ಇದ್ದೂರಿನಲ್ಲಿಯೇ ನಾಲ್ಕು ಕಾಸು ದುಡಿಯುವುದಾದರೆ ಯಾರು ಬೇಡವೆಂದಾರು? ನನ್ನ ತಕರಾರು ಕಸುಬಿನ ಮೇಲೆ ಅಲ್ಲ. ಊರಿಗೆಲ್ಲ ಮುಖ ಬರೆದುಕೊಡುವ ಈ ತರುಣರು ತಮ್ಮ ಮುಖವನ್ನು ಮಾತ್ರ ಕಡ ತಂದು ಹಚ್ಚಿಕೊಳ್ಳುತ್ತಿದ್ದಾರಲ್ಲ, ಅದರ ಮೇಲೆ.

ನನ್ನಲ್ಲಿ ಓದಿಹೋದ ಹುಡುಗನೊಬ್ಬ ಇಂಥದೇ ಅಂಗಡಿ ಹಾಕುವವನಿದ್ದಾನೆ. ಹೆಸರು ಕೇಳಲು ಬಂದಿದ್ದ. “ಸರ, ಹೆಸರ ನೀವ ಇಡಬೇಕ್ರಿ. ಆದರ ಕನ್ನಡದಾಗ ಬ್ಯಾಡ್ರಿ, ಕ್ಲಾಸ್ ಕಾಣಂಗಿಲ್ಲ” ಎಂದ. ಇಪ್ಪತ್ತು ವರುಷ ಕನ್ನಡದ ಕ್ಲಾಸು ತೆಗೆದುಕೊಂಡ ಮನುಷ್ಯನಿಗೆ ಈ ಮಾತು ಹೇಗೆ ಕೇಳಿಸಿರಬೇಕು ಎಂಬುದನ್ನು ವಾಚಕರೇ ಊಹಿಸಬಹುದು. ಆದರೆ ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಆಡಿದ್ದು ಅವನೊಬ್ಬನ ಮಾತಲ್ಲ, ಪೇಟೆಯ ಮಾತು. ಅದಕ್ಕಾಗಿಯೇ ಉತ್ತರವನ್ನು ಅವನೊಬ್ಬನಿಗೆ ಹೇಳಿ ಮುಗಿಸದೆ ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲಿಷಿನ ‘ಬ್ರ್ಯಾಂಡ್’ ಎಂಬ ಶಬ್ದದ ಬೇರಿನಲ್ಲಿ ಬೆಂಕಿಯಿದೆ. ಕಾಯಿಸಿದ ಕಬ್ಬಿಣದಿಂದ ದನದ ಮೈಮೇಲೆ ಒತ್ತುವ ಬರೆ ಅದು. ‘ಇದು ನನ್ನದು’ ಎಂಬ ಒಡೆತನದ ಗುರುತು. ನಮ್ಮ ನಾಡಿನಲ್ಲಿಯೂ ಗುರುತಿಗೊಂದು ಮಾತುಂಟು, ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಧಾರವಾಡದ ಬೇಂದ್ರೆಯವರು ಅಂಬಿಕಾತನಯದತ್ತರು. ಇವುಗಳಲ್ಲಿ ಒಂದಾದರೂ ‘ಇದು ನನ್ನದು’ ಎನ್ನುತ್ತದೆಯೇ? ವಚನಕಾರರು ತಮ್ಮ ಹೆಸರನ್ನು ಮರೆಸಿ, ತಾವು ಯಾರಿಗೆ ಉತ್ತರ ಹೇಳಬೇಕೋ ಅವನ ಹೆಸರನ್ನು ಇಟ್ಟರು. ಬರೆಯು ಒಡೆತನವನ್ನು ಸಾರಿದರೆ ಅಂಕಿತವು ಹೊಣೆಯನ್ನು ಸಾರುತ್ತದೆ. ಮತ್ತೊಂದು ಮಾತನ್ನೂ ಗಮನಿಸಬೇಕು. ಸಂಪಾದಕರು ಪ್ರಕ್ಷಿಪ್ತವೆಂದು ಬದಿಗಿರಿಸುವ ವಚನಗಳಲ್ಲಿಯೂ ಅಂಕಿತವೇನೋ ಸರಿಯಾಗಿಯೇ ಇರುತ್ತದೆ. ಸರಿಯಿಲ್ಲದ್ದು ಅದರ ಮೇಲಿನ ಧ್ವನಿ. ಅಂಕಿತದಿಂದ ವಚನಕ್ಕೆ ಬೆಲೆ ಬರಲಿಲ್ಲ, ವಚನದಿಂದ ಅಂಕಿತಕ್ಕೆ ಬೆಲೆ ಬಂತು.

ನಮ್ಮ ಹೊಸ ಡಿಸೈನ್ ಅಂಗಡಿಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ. ಒಂದು ಕೆಲಸವೂ ಕೈಯಿಂದ ಇಳಿಯುವ ಮೊದಲೇ ಲಾಂಛನ ಸಿದ್ಧ, ವಿಸಿಟಿಂಗ್ ಕಾರ್ಡು ಸಿದ್ಧ, ಬಣ್ಣದ ದೀಪದ ಹಲಗೆ ಸಿದ್ಧ. ಹೆಸರುಗಳನ್ನಂತೂ ಕೇಳುವುದೇ ಬೇಡ. ಕ್ರಿಯೇಟಿವ್, ಪಿಕ್ಸೆಲ್, ಸ್ಟುಡಿಯೋ, ಇಂಕ್ ಎಂಬ ನಾಲ್ಕು ಶಬ್ದಗಳನ್ನು ಇಸ್ಪೀಟಿನ ಎಲೆಗಳಂತೆ ಕಲೆಸಿ ಎರಡೆರಡು ಎಳೆದರೆ ಒಂದು ಹೆಸರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಬರ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿರಬೇಕು. ಇದರಲ್ಲಿ ವ್ಯಾಪಾರದ ಜಾಣತನವಾದರೂ ಇದೆಯೆ? 1999ರ ಟ್ರೇಡ್ ಮಾರ್ಕ್ಸ್ ಕಾಯದೆಯ 9ನೆಯ ಕಲಮನ್ನು ಒಮ್ಮೆ ಓದಿ ನೋಡಲಿ. ಮಾಡುವ ಕೆಲಸವನ್ನು ಬರಿದೆ ಬಣ್ಣಿಸುವ ಶಬ್ದಕ್ಕಾಗಲಿ, ಬರಿಯ ಊರ ಹೆಸರಿಗಾಗಲಿ ಸಾಮಾನ್ಯವಾಗಿ ನೋಂದಣಿಯ ರಕ್ಷಣೆ ದೊರೆಯುವುದಿಲ್ಲ. ಎಲ್ಲರೂ ಆಡುವ ಮಾತಿಗೆ ಒಬ್ಬನೇ ಬೇಲಿ ಹಾಕಲು ಬಾರದು. ಕನ್ನಡದ ಹೆಸರಿಗಾದರೋ ಕಾಯದೆಯ ಅಡ್ಡಿಯಿಲ್ಲ. ಅದರ ಉಚ್ಚಾರವನ್ನೂ ಅರ್ಥವನ್ನೂ ಅರ್ಜಿಯಲ್ಲಿ ತಿಳಿಸಿದರಾಯಿತು.

ಹೆಸರಿಗೆ ಬರವೇ ನಮ್ಮಲ್ಲಿ? ಧಾರವಾಡದ ಸೀಮೆಯ ಹೆಣ್ಣುಮಕ್ಕಳು ಇಳಕಲ್ಲ ಸೀರೆಯ ಮೇಲೆ ಕಸೂತಿ ಹಾಕುತ್ತ ಬಂದವರು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಅದರ ಹೊಲಿಗೆಗಳಿಗೆ ಹೆಸರು. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲವೂ ಎಳೆ ಎಣಿಸಿ ಹಾಕಿದ ಗೆರೆಗಳಲ್ಲಿ ಮೂಡುತ್ತವೆ. ಗಣಕಯಂತ್ರದ ಪರದೆಯ ಮೇಲೆ ಚೌಕ ಎಣಿಸಿ ಚಿತ್ರ ಕೂಡಿಸುವವನಿಗೆ ಇದಕ್ಕಿಂತ ಹತ್ತಿರದ ಹಿರಿಯರು ಎಲ್ಲಿ ಸಿಕ್ಕಾರು? ಗವಂತಿಯ ಹೆಚ್ಚುಗಾರಿಕೆಯೆಂದರೆ ಅದರಲ್ಲಿ ಗಂಟಿಲ್ಲ. ಸೆರಗನ್ನು ಹೊರಳಿಸಿ ನೋಡಿದರೂ ಮುಂದಿನ ಚಿತ್ರವೇ ಹಿಂದೆಯೂ ಕಾಣುತ್ತದೆ. ವ್ಯಾಪಾರಸ್ಥನ ಗುರುತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಕಾಣೆ. ಹಲಗೆಯ ಮೇಲೆ ಒಂದು, ಬಾಗಿಲ ಒಳಗೊಂದು ಇರಬಾರದು. ಹುಡುಗನಿಗೆ ನಾನು ಸೂಚಿಸಿದ ಹೆಸರೂ ಅದೇ, ಗವಂತಿ. ವಿಚಾರ ಮಾಡಿ ಹೇಳುತ್ತೇನೆಂದು ಹೋಗಿದ್ದಾನೆ.

ಗುರುತಿಗೆ ಶಿಸ್ತು ಬೇಕು, ಅದಕ್ಕೆ ದೊಡ್ಡ ಊರಿನ ಶಾಲೆಯಲ್ಲಿ ಕಲಿತು ಬರಬೇಕು ಎನ್ನುವವರೂ ಇದ್ದಾರೆ. ಅವರು ದುರ್ಗದಬೈಲಿನಿಂದ ಬೆಂಗೇರಿಯತನಕ ಹೋಗಿಬಂದರೆ ಸಾಕು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಭಾರತೀಯ ಮಾನಕ ಬ್ಯೂರೋದ ಮನ್ನಣೆ ಪಡೆದು ಖಾದಿಯ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಸಂಸ್ಥೆ. ಅಲ್ಲಿ ನಡೆಯುವುದು ಬರಿಯ ಹೊಲಿಗೆಯ ಕೆಲಸವೆಂದು ತಿಳಿಯಬೇಡಿ. ಧ್ವಜಕ್ಕೆ 9 ಗೊತ್ತಾದ ಅಳತೆಗಳುಂಟು. ಎಲ್ಲಕ್ಕೂ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಎಲ್ಲಕ್ಕೂ ಚಿಕ್ಕದು 150 ಉದ್ದ, 100 ಅಗಲ. ಅಳತೆ ಯಾವುದೇ ಇರಲಿ, ಉದ್ದ ಅಗಲಗಳ ಪ್ರಮಾಣ 3ಕ್ಕೆ 2 ಆಗಿಯೇ ಇರಬೇಕು. ಚಕ್ರಕ್ಕೆ 24 ಅರಗಳು ಇರಬೇಕು. ಬಣ್ಣ, ನೂಲು, ಹೊಲಿಗೆ ಪ್ರತಿಯೊಂದಕ್ಕೂ ಬರೆದಿಟ್ಟ ನಿಯಮ ಉಂಟು. 2021ರ ಕೊನೆಯಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಧ್ವಜಗಳಿಗೂ ದಾರಿ ತೆರೆಯಿತು. ಖಾದಿಯ ಕೈಗಳಿಗೆ ಅದರಿಂದ ಪೆಟ್ಟು ಬಿತ್ತು. ಅದು ಬೇರೆ ಲೇಖನದ ವಿಷಯ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಗುರುತೊಂದು ಕೋಟೆಯ ಕಂಬದ ಮೇಲೂ ಮೇಜಿನ ಮೇಲೂ ತನ್ನತನ ಬಿಡದೆ ನಿಲ್ಲುವುದು ಹೇಗೆಂಬ ಪಾಠ ನಮ್ಮೂರಲ್ಲಿಯೇ ದಿನವೂ ನಡೆದಿದೆ. ನಮ್ಮ ತರುಣರು ಅದನ್ನು ಬಿಟ್ಟು ಅಮೆರಿಕೆಯ ಕಂಪನಿಗಳ ಬಾಗಿದ ಗೆರೆಗಳನ್ನು ನಕಲು ತೆಗೆಯುತ್ತಾರೆ.

“ಗಿರಾಕಿ ಇಂಗ್ಲಿಷ್ ಕೇಳತಾನ್ರಿ, ನಾವೇನ ಮಾಡೋಣ?” ಎಂಬುದು ಇವರ ಮೊದಲನೆಯ ಸಮರ್ಥನೆ. ಕೇಳುತ್ತಾನೆ, ನಿಜ. ಆದರೆ ಆ ಗಿರಾಕಿಗೂ ಗಿರಾಕಿಗಳಿದ್ದಾರಲ್ಲ! ಕುಂದಗೋಳದಿಂದ, ನವಲಗುಂದದಿಂದ, ಕಲಘಟಗಿಯಿಂದ ಮದುವೆಯ ಜವಳಿಗೆಂದು ಹುಬ್ಬಳ್ಳಿಗೆ ಬಂದಿಳಿಯುವ ಕುಟುಂಬದ ಕಣ್ಣು ಮೊದಲು ಯಾವ ಅಕ್ಷರದ ಮೇಲೆ ನಿಲ್ಲುತ್ತದೆ? ಇಂಗ್ಲಿಷನ್ನು ಓಡಿಸಿರೆಂದು ನಾನು ಹೇಳುತ್ತಿಲ್ಲ. ಬೇಕಾದವರಿಗಾಗಿ ಅದು ತನ್ನ ಜಾಗದಲ್ಲಿ ಇರಲಿ. ನಾನು ಕೇಳುವುದು ಬರಿಯ ಲೆಕ್ಕದ ಪ್ರಶ್ನೆ. ರೋಮನ್ ಅಕ್ಷರದ ಅಂದದಲ್ಲಿ ಮುಂಬಯಿ ಬೆಂಗಳೂರುಗಳ ದೊಡ್ಡ ಸಂಸ್ಥೆಗಳೊಡನೆ ದುರ್ಗದಬೈಲಿನ ಒಂದು ಕೋಣೆಯ ಅಂಗಡಿ ಎಷ್ಟು ದಿನ ಕುಸ್ತಿ ಹಿಡಿದೀತು? ಅವರಿಗೆ ಸುಲಭವಾಗಿ ದಕ್ಕದ ಒಂದು ಗರಡಿಯುಂಟು, ಕನ್ನಡದ ಅಕ್ಷರ. ಆ ಗರಡಿಯನ್ನು ಬಿಟ್ಟುಕೊಟ್ಟು ಪರರ ಅಖಾಡಕ್ಕೆ ಇಳಿಯುವವನನ್ನು ಜಾಣನೆನ್ನೋಣವೇ?

ಎರಡನೆಯ ಸಮರ್ಥನೆ ಇನ್ನೂ ಮೋಜಿನದು. “ಕನ್ನಡದಲ್ಲಿ ಒಳ್ಳೆಯ ಅಕ್ಷರಗಳಿಲ್ಲ.” ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು 1817ರಲ್ಲಿ, ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ, ಕಿಟ್ಟೆಲ್ಲರ ಆ ಮಹಾ ನಿಘಂಟು 1894ರಲ್ಲಿ. ಇನ್ನೂರು ವರುಷ ಅಚ್ಚಿನ ಮನೆಯಲ್ಲಿ ಬಾಳಿದ ಲಿಪಿಗೆ ಈಗ ಅಕ್ಷರವಿಲ್ಲವಂತೆ! ನೋಟೋ, ತಿರೋ, ಅನೇಕ್, ಬಾಲೂ ತಮ್ಮ ಮೊದಲಾದ ಕನ್ನಡ ಫಾಂಟುಗಳು ಇಂದು ಕಾಸು ಕೊಡದೆ ಯಾರಿಗೂ ಸಿಗುತ್ತವೆ. ಇಲ್ಲದ್ದು ಅಕ್ಷರವಲ್ಲ, ಅಕ್ಷರದ ಮೇಲಿನ ಅಕ್ಕರೆ.

ದೋಷ ಎಲ್ಲಿದೆಯೆಂದು ಬಿಡಿಸಿ ಹೇಳುತ್ತೇನೆ. ಇವರು ಮೊದಲು ರೋಮನ್ ಅಕ್ಷರಗಳನ್ನು ಹೊಂದಿಸಿ, ಉಳಿದ ಪಟ್ಟಿಯಲ್ಲಿ ಕನ್ನಡವನ್ನು ತುರುಕುತ್ತಾರೆ. ರೋಮನ್ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸಿಪಾಯಿಗಳಂತೆ ನಿಲ್ಲಬಲ್ಲವು. ಕನ್ನಡಕ್ಕೆ ಮೇಲೆ ತಲೆಕಟ್ಟು ಗುಡಿಸುಗಳಿವೆ, ಕೆಳಗೆ ಒತ್ತು ಇದೆ, ಬದಿಗೆ ಕೊಂಬು ದೀರ್ಘಗಳಿವೆ. ಅದಕ್ಕೆ ಮೇಲೂ ಕೆಳಗೂ ಉಸಿರಾಡಲು ಜಾಗ ಬೇಕು. ‘ಹುಬ್ಬಳ್ಳಿ’ ಎಂಬ ಮೂರಕ್ಷರದ ಹೆಸರಿನಲ್ಲಿಯೇ ಎರಡು ಒತ್ತುಗಳಿವೆ. ‘ದುರ್ಗ’ದಲ್ಲಿ ಒಂದು ಅರ್ಕಾವೊತ್ತು ಇದೆ. ಈ ಎರಡು ಶಬ್ದಗಳನ್ನು ಅಂದವಾಗಿ ಕೂಡಿಸಲು ಬಾರದವನು ಈ ಊರಿನಲ್ಲಿ ಡಿಸೈನ್ ಅಂಗಡಿ ಹಾಕುವುದೆಂದರೆ ಉಪ್ಪಿನ ಹದ ತಿಳಿಯದವನು ಖಾನಾವಳಿ ಹಾಕಿದಂತೆ. ಇನ್ನು ಕೆಲವರು ಯುನಿಕೋಡ್ ಕನ್ನಡವನ್ನು ಫೋಟೋಶಾಪಿನಲ್ಲಿ ತಂದಿಟ್ಟು, ಒತ್ತುಗಳು ಬಿಡಿಬಿಡಿಯಾಗಿ ಉದುರಿದರೂ ಹಾಗೆಯೇ ಅಚ್ಚಿಗೆ ಕಳಿಸುತ್ತಾರೆ. ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಏರ್ಪಾಡು ಆ ತಂತ್ರಾಂಶದಲ್ಲಿಯೇ ಇದೆ. ಅದನ್ನು ಆರಿಸಿಕೊಳ್ಳುವ ವ್ಯವಧಾನ ಇವರಿಗಿಲ್ಲ. ಹಿಂದೆ ಹಲಗೆ ಬರೆಯುತ್ತಿದ್ದ ಪೇಂಟರನಿಗೆ ಡಿಗ್ರಿ ಇರಲಿಲ್ಲ. ಆದರೆ ಒತ್ತನ್ನು ಎಲ್ಲಿ ಕೂಡಿಸಿದರೆ ಸಾಲು ಕೆಡದೆಂಬುದು ಅವನ ಬೆರಳಿಗೆ ಗೊತ್ತಿತ್ತು. ಫ್ಲೆಕ್ಸು ಬಂದು ಅವನನ್ನು ಮನೆಗೆ ಕಳಿಸಿತು. 2016ರಲ್ಲಿ ಸರಕಾರ ಫ್ಲೆಕ್ಸನ್ನು ನಿಷೇಧಿಸಿದರೂ ಆ ಬೆರಳು ತಿರುಗಿ ಬರಲಿಲ್ಲ.

ಕನ್ನಡದ ಕಟ್ಟಾಳುಗಳಿಗೂ ಎರಡು ಮಾತು ಹೇಳದೆ ಬಿಟ್ಟರೆ ಅನ್ಯಾಯವಾದೀತು. 2023ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಹಲಗೆಗಳಿಗಾಗಿ ಗದ್ದಲವೆದ್ದಿತು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ತಿದ್ದುಪಡಿಯಾಗಿ ಹಲಗೆಯ ಶೇಕಡಾ 60 ಭಾಗ ಕನ್ನಡವಿರಬೇಕೆಂಬುದು ಕಾಯದೆಯಾಯಿತು. ಕಾಯದೆ ಬೇಡವೆನ್ನುವವನು ನಾನಲ್ಲ. ಆದರೆ ಅದರಿಂದ ಆದದ್ದೇನು? ಇಂಗ್ಲಿಷು ಮೊದಲಿನಂತೆ ಗತ್ತಿನಲ್ಲಿ ನಿಂತಿತು. ಅದರ ತಲೆಯ ಮೇಲೆ ಕನ್ನಡವನ್ನು ದಂಡ ತಪ್ಪಿಸುವ ರಸೀದಿಯಂತೆ ಅಂಟಿಸಿದರು. ಅಳತೆಯ ಟೇಪು ಅಗಲವನ್ನು ಹೇಳೀತು, ಅಂದವನ್ನು ಹೇಳದು. ಮಹಾಪ್ರಾಣ ತಪ್ಪಿದ, ಒತ್ತು ಮುರಿದ ಅರವತ್ತು ಪಾಲು ಕನ್ನಡವನ್ನು ಕಂಡು ಜಯಘೋಷ ಮಾಡುವವರು ಕನ್ನಡವನ್ನು ಗೆಲ್ಲಿಸಲಿಲ್ಲ, ತೂಕಕ್ಕೆ ಹಾಕಿದರು. ಕಾಯದೆ ಕನ್ನಡಕ್ಕೆ ಜಾಗ ಕೊಡಿಸಿದೆ. ಆ ಜಾಗಕ್ಕೆ ಕಳೆ ಕೊಡಬೇಕಾದವನು ಡಿಸೈನರ್. ಪ್ರತಿ ಅಂಗಡಿಯವನೂ ಹಲಗೆ ಬದಲಿಸಬೇಕಾದ ಇಂಥ ಹೊತ್ತು ಅವನ ಕಸುಬಿಗೆ ಮತ್ತೆ ಬಂದೀತೇ?

ಈಗೇನು, ಚಿತ್ರಗಳು ಅಗ್ಗವಾಗಿವೆ. ಸಾವಿರ ಮಂದಿಗೆ ಮಾರಿದ ಸಿದ್ಧ ನಮೂನೆ ಅಂತರಜಾಲದಲ್ಲಿ ಸಿಗುತ್ತದೆ. ಎರಡು ಸಾಲು ಹೇಳಿದರೆ ಯಂತ್ರವೇ ನಿಮಿಷದಲ್ಲಿ ಲಾಂಛನ ಬಿಡಿಸಿಕೊಡುತ್ತದೆ. ಹೀಗಿರುವಾಗ ಬರಿಯ ಅಲಂಕಾರವನ್ನು ನೆಚ್ಚಿ ಅಂಗಡಿ ಹಾಕಿದವನ ಗತಿಯೇನು? ಉಳಿಯುವುದು ಅವನ ಕೈಯದೇ ಆದ ಅಕ್ಷರ, ಅವನ ಬಾಯದೇ ಆದ ಮಾತು. 19ನೆಯ ಶತಮಾನದಲ್ಲಿ ದೂರದ ಉನ್ನಾವದಿಂದ ಧಾರವಾಡಕ್ಕೆ ಬಂದು ನಿಂತ ಠಾಕೂರರ ಮನೆತನವು ಪೇಡೆಯ ಹದವನ್ನು ಕಾಯಿತು. ಕೊನೆಗೆ ಊರಿನ ಹೆಸರೇ ಪೇಡೆಯ ಹೆಸರಾಯಿತು. ಸಂಜೆ ದುರ್ಗದಬೈಲಿನಲ್ಲಿ ಗಿರಮಿಟ್ಟು ಮಿರ್ಚಿಗಳ ಗಾಡಿಯ ಮುಂದೆ ನಿಲ್ಲುವ ಜನ ಹಲಗೆಯನ್ನು ಓದಿ ನಿಲ್ಲುವುದಿಲ್ಲ, ಕೈಯ ರುಚಿಯನ್ನು ನೆನೆದು ನಿಲ್ಲುತ್ತಾರೆ.

ಹಾಗಾದರೆ ಹೊಸಬನು ಮಾಡಬೇಕಾದದ್ದು ಏನು? ಹೆಸರು ಮೊದಲು ಕನ್ನಡದಲ್ಲಿ ಹುಟ್ಟಲಿ. ಬೇಕಾದರೆ ಆಮೇಲೆ ಇಂಗ್ಲಿಷಿನಲ್ಲಿ ಬರೆದುಕೊಳ್ಳಲಿ. ಆ ಹೆಸರಿನ ಅಕ್ಷರಗಳನ್ನು ತಾನೇ ಕೂತು ಬರೆಯಲಿ, ಹತ್ತು ಸಲ ಅಳಿಸಿ ಬರೆಯಲಿ. ಬಣ್ಣ ಎರಡು ಸಾಕು. ಹತ್ತು ಅಡಿಯ ಹಲಗೆಯ ಮೇಲೆ ಹೇಗೆ ಕಂಡೀತು, ಮೊಬೈಲಿನಲ್ಲಿ ಉಗುರಿನಷ್ಟಾದಾಗ ಹೇಗೆ ಕಂಡೀತು ಎಂದು ಎರಡನ್ನೂ ಪರೀಕ್ಷಿಸಲಿ. ನಿಯಮವನ್ನು ಬರೆದಿಟ್ಟು ತಾನೂ ಮೀರದಿರಲಿ. ಅಚ್ಚಿಗೆ ಕಳಿಸುವ ಮುನ್ನ ಕಾಗುಣಿತ ಬಲ್ಲವರಿಗೆ ಒಮ್ಮೆ ತೋರಿಸಲಿ. ದರವನ್ನು ಮೊದಲೇ ಹೇಳಲಿ. ಹೇಳಿದ ದಿನಕ್ಕೆ ಕೆಲಸ ಕೊಡಲಿ. ಇದಿಷ್ಟನ್ನು ಮೂರು ವರುಷ ನಡೆಸಿದವನ ಹಲಗೆಯ ದೀಪ ಕೆಟ್ಟರೂ ಗಿರಾಕಿ ದಾರಿ ತಪ್ಪುವುದಿಲ್ಲ. ನಡೆಸದವನ ಹಲಗೆಗೆ ಎಷ್ಟು ದೀಪ ಹಚ್ಚಿದರೂ ಅದು ಹಲಗೆಯಾಗಿಯೇ ಉಳಿದೀತು, ಅಂಕಿತವಾಗಲಾರದು.