ಹಣ್ಣಿನ ಬಾಳಿಕೆಯೂ ಅದರ ರುಚಿಯೂ

ಕೊಯ್ದ ಹಣ್ಣು ಬೇಗನೆ ಮೆತ್ತಗಾಗಿ ಕೆಡುವುದು ಮನೆವಾರ್ತೆ ನಡೆಸುವವರೆಲ್ಲರೂ ಬಲ್ಲ ಸಂಗತಿ. ಬೆಳೆದವನಿಗೆ ಅದು ನಷ್ಟ, ವರ್ತಕನಿಗೆ ಚಿಂತೆ, ಕೊಂಡವರಿಗೆ ದಂಡ. ಹಣ್ಣಿನ ವಂಶವಾಹಿಗಳನ್ನು ಮಾರ್ಪಡಿಸಿ ಈ ಮೆತ್ತಗಾಗುವಿಕೆಯನ್ನು ನಿಧಾನಗೊಳಿಸಬಹುದೆಂದು ವಿಜ್ಞಾನಿಗಳು ತೋರಿಸಿಕೊಟ್ಟಿರುವರು. ಈ ಸುದ್ದಿಯನ್ನು ಕೇಳಿದೊಡನೆ ಕೆಲವರು ಬೆದರುವರು, ಕೆಲವರು ಹಿಗ್ಗುವರು. ವಿದ್ಯಾವತಿಯರಾದ ನಾವು ಈ ಎರಡನ್ನೂ ಬಿಟ್ಟು ವಿಷಯವನ್ನು ತೂಗಿ ನೋಡುವುದು ಉಚಿತವಲ್ಲವೇ?

ಮೊದಲು ಕಾರಣವನ್ನು ತಿಳಿಯೋಣ. ಕಾಯಿಯ ಕೋಶಗಳ ಗೋಡೆಗಳನ್ನು ಪೆಕ್ಟಿನ್ ಎಂಬ ವಸ್ತುವು ಗಾರೆಯಂತೆ ಬೆಸೆದಿರುವುದು. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗಿ ನಿಲ್ಲುವುದೂ ಇದರಿಂದಲೇ. ಹಣ್ಣು ಮಾಗುವಾಗ ತನ್ನೊಳಗೇ ಕೆಲವು ಕಿಣ್ವಗಳನ್ನು ಹುಟ್ಟಿಸಿಕೊಂಡು ಈ ಗಾರೆಯನ್ನು ಕರಗಿಸುವುದು. ಹಕ್ಕಿ ಮೃಗಗಳು ತಿಂದು ಬೀಜವನ್ನು ಹರಡಲೆಂದೇ ಪ್ರಕೃತಿಯಲ್ಲಿ ಈ ಏರ್ಪಾಡು. ಆ ಕಿಣ್ವದ ವಂಶವಾಹಿಯನ್ನು ಅಡಗಿಸಿದರೆ ಹಣ್ಣು ಹೆಚ್ಚು ದಿನ ಗಟ್ಟಿಯಾಗಿರಬೇಕೆಂಬುದು ವಿಜ್ಞಾನಿಗಳ ತರ್ಕ.

ಅಮೆರಿಕೆಯ ಕ್ಯಾಲಿಫೋರ್ನಿಯಾದ ಕ್ಯಾಲ್‌ಜೀನ್ ಸಂಸ್ಥೆಯು ಹೀಗೆಯೇ ಒಂದು ಟೊಮೇಟೊ ತಳಿಯನ್ನು ಸಿದ್ಧಪಡಿಸಿ ಅದಕ್ಕೆ ಫ್ಲೇವರ್ ಸೇವರ್ ಎಂದು ಹೆಸರಿಟ್ಟಿತು. ಅದು ಇತರ ಟೊಮೇಟೊಗಳಷ್ಟೇ ನಿರಪಾಯಕರವೆಂದು ಆ ದೇಶದ ಆಹಾರ ಪರೀಕ್ಷಾ ಇಲಾಖೆಯು 1994ನೆಯ ಇಸವಿಯಲ್ಲಿ ತೀರ್ಮಾನಿಸಿತು. ಹಸುರುಗಾಯಿಯನ್ನು ಕಿತ್ತು ಅನಿಲದಿಂದ ಕೆಂಪಾಗಿಸುವ ಬದಲು, ಗಿಡದಲ್ಲೇ ಮಾಗಿಸಿ ರುಚಿಯಾದ ಹಣ್ಣನ್ನು ದೂರಕ್ಕೆ ಸಾಗಿಸುವುದು ಉದ್ದೇಶವಾಗಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಅದು ಅಂಗಡಿಗಳಿಂದ ಮರೆಯಾಯಿತು. ಏಕೆ? ವಂಶವಾಹಿಯೇನೋ ಅಡಗಿತು, ಆದರೂ ಮಾಗಿದ ಹಣ್ಣು ಸಾಗಾಣಿಕೆಯ ಪೆಟ್ಟನ್ನು ತಾಳಲಿಲ್ಲ. ಆರಿಸಿಕೊಂಡ ಮೂಲ ತಳಿಯೂ ಇಳುವರಿಯಲ್ಲಿ, ರುಚಿಯಲ್ಲಿ ಅಷ್ಟಕ್ಕಷ್ಟೇ. ಬಂದ ಹಣಕ್ಕಿಂತ ಖರ್ಚೇ ಹೆಚ್ಚಾಯಿತು. ಒಂದು ಕಿಣ್ವವನ್ನು ಬಲ್ಲೆವೆಂದ ಮಾತ್ರಕ್ಕೆ ಹಣ್ಣನ್ನೇ ಬಲ್ಲೆವೆಂದಾಗಲಿಲ್ಲ.

ಇಂಗ್ಲೆಂಡಿನ ಅನುಭವವು ಬೇರೊಂದು ಪಾಠವನ್ನು ಕಲಿಸುವುದು. ಅಲ್ಲಿ 1996ರಲ್ಲಿ ಇಂಥ ಟೊಮೇಟೊವಿನಿಂದ ಮಾಡಿದ ಗಟ್ಟಿರಸದ ಡಬ್ಬಿಗಳು, ಅದು ಮಾರ್ಪಟ್ಟ ಹಣ್ಣೆಂಬ ಸ್ಪಷ್ಟ ಚೀಟಿಯೊಡನೆ, ಕಡಿಮೆ ಬೆಲೆಗೆ ಮಾರಾಟಕ್ಕೆ ಬಂದುವು. ಜನರು ಓದಿ, ತಿಳಿದೇ ಕೊಂಡರು. ಇಂಥ ಆಹಾರಗಳ ವಿಷಯದಲ್ಲಿ ಸಂಶಯವು ನಾಡೆಲ್ಲ ಹರಡಿದ ಮೇಲೆ, 1999ರಲ್ಲಿ ಅವು ನಿಂತುಹೋದುವು. ಸತ್ಯವನ್ನು ಮುಂದಿಟ್ಟರೆ ಜನರು ಬೆದರಬೇಕಾಗಿಲ್ಲ. ನಂಬಿಕೆ ಒಮ್ಮೆ ಮುರಿದರೆ ಒಳ್ಳೆಯ ಸರಕೂ ಉಳಿಯದು.

ಪ್ರಯತ್ನಗಳು ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯಲ್ಲಿ ಆಶಿಸ್ ದತ್ತ, ಶುಭ್ರಾ ಚಕ್ರವರ್ತಿ ಮೊದಲಾದವರು ಬೇರೆ ಎರಡು ಕಿಣ್ವಗಳನ್ನು ಅಡಗಿಸಿ, ಸುಮಾರು 45 ದಿನ ಗಟ್ಟಿಯಾಗಿ ಉಳಿಯುವ ಟೊಮೇಟೊವನ್ನು ಪಡೆದುದಾಗಿ 2010ರಲ್ಲಿ ಪ್ರಕಟಿಸಿದರು. ಬಣ್ಣ ರುಚಿಗಳು ಕುಂದದಂತೆ ಹಣ್ಣನ್ನು ಗಟ್ಟಿಯಾಗಿರಿಸುವ ಕ್ರಮವನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದವರು 2016ರಲ್ಲಿ ತಿಳಿಸಿದರು. ಇಂಥ ಹಣ್ಣು ನಮ್ಮ ಅಂಗಡಿಗಳಿಗೆ ಇನ್ನೂ ಬಂದಿಲ್ಲ. ಆದುದರಿಂದ ವಿಚಾರಮಾಡಲು ಇದೇ ಸಮಯ.

"ಇದು ಪ್ರಕೃತಿಗೆ ವಿರುದ್ಧ" ಎಂಬ ಆಕ್ಷೇಪಣೆಯೊಂದುಂಟು. ಆದರೆ ಮಾಗುವುದನ್ನೇ ತಡೆಯುವ ಒಂದು ಮಾರ್ಪಾಡು ಟೊಮೇಟೊ ಗಿಡದಲ್ಲಿ ತಾನಾಗಿಯೇ ಹುಟ್ಟಿ, ಹಳೆಯ ಸಂಕರಕ್ರಮದಿಂದಲೇ ಅನೇಕ ತಳಿಗಳನ್ನು ಸೇರಿರುವುದು. ಆ ಹಣ್ಣುಗಳಿಗೆ ಬಾಳಿಕೆಯುಂಟು, ರುಚಿ ಕಡಿಮೆ. ಆದುದರಿಂದ ಪರೀಕ್ಷಿಸತಕ್ಕದ್ದು ಹಣ್ಣಿನ ಗುಣವನ್ನೇ ಹೊರತು ಅದರ ಹುಟ್ಟನ್ನು ಮಾತ್ರವಲ್ಲ.

ನನ್ನ ಶಂಕೆ ಬೇರೆಯದು. ಪೇಟೆಯಲ್ಲಿ ಹಣ್ಣನ್ನು ಬೆರಳಿನಿಂದ ಒತ್ತಿ ನೋಡುವುದು ಗೃಹಿಣಿಯ ಕೈಯಲ್ಲಿರುವ ಪರೀಕ್ಷೆ. ತಿಂಗಳ ಹಿಂದೆ ಕೊಯ್ದ ಹಣ್ಣೂ ನಿನ್ನೆಯದರಂತೆ ಗಟ್ಟಿಯಾಗಿದ್ದರೆ ಬೆರಳು ಏನು ಹೇಳೀತು? ಕೋಲಾರದ ರೈತರು ಬೆಲೆ ಕುಸಿದಾಗ ಟೊಮೇಟೊವನ್ನು ರಸ್ತೆಗೆ ಸುರಿಯುವುದನ್ನು ನಾವು ಕಂಡಿದ್ದೇವೆ. ಅಂಥವರಿಗೆ ನಾಲ್ಕಾರು ದಿನ ಕಾಯುವ ಶಕ್ತಿ ಬಂದರೆ ಅದು ದೊಡ್ಡ ಉಪಕಾರವೇ ಸರಿ. ಆದರೆ ಬೀಜದ ಬೆಲೆ ಅವರ ಕೈಗೆ ಎಟುಕದೆ, ದಾಸ್ತಾನುಮಾಡುವ ವರ್ತಕನಿಗೆ ಮಾತ್ರ ಲಾಭವಾದರೆ ಆ ಉಪಕಾರ ಎಲ್ಲಿ ಉಳಿಯಿತು?

ಆದಕಾರಣ ನಾವು ಮೂರನ್ನು ಕೇಳಬೇಕು: ಹಣ್ಣಿನ ರುಚಿಯನ್ನೂ ಸತ್ತ್ವವನ್ನೂ ನಿಷ್ಪಕ್ಷಪಾತವಾಗಿ ಪರೀಕ್ಷಿಸಲಿ, ಮಾರ್ಪಾಡನ್ನೂ ಕೊಯ್ದ ದಿನವನ್ನೂ ಚೀಟಿಯಲ್ಲಿ ಕಾಣಿಸಲಿ, ಬೀಜವು ಸಾರ್ವಜನಿಕ ಸಂಸ್ಥೆಗಳಿಂದ ಸಣ್ಣ ರೈತನಿಗೂ ದೊರೆಯಲಿ. ಈ ಮೂರೂ ಈಡೇರಿದರೆ ಹೊಸ ಹಣ್ಣನ್ನು ನಾನು ಸ್ವಾಗತಿಸುವೆನು. ಈಡೇರದಿದ್ದರೆ ಅದರ ಗಟ್ಟಿತನವನ್ನು ಗುಣವೆಂದು ಎಣಿಸಲಾರೆನು. ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳನ್ನು ಸಸ್ಯವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಕಳುಹಿಸಲಿ. ಅಡಿಗೆಮನೆಯನ್ನೂ ಪ್ರಯೋಗಶಾಲೆಯನ್ನೂ ಬಲ್ಲವರು ಈ ಪ್ರಶ್ನೆಗಳನ್ನು ಕೇಳಲು ಮರೆಯಲಾರರು.