ಕೋಟೆಯ ನೀರು ಊರಿಗೆ ಇಳಿಯುತ್ತೆ, ಕೋಟೆಯ ದುಡ್ಡು ಯಾಕೆ ಇಳಿಯಲ್ಲ?



ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ಕೆಲವು ದಿನದ ಹಿಂದೆ ಒಂದು ಸಭೆಗೆ ಫೈಲ್ ಹಿಡ್ಕೊಂಡು ಹೋಗಿದ್ದೆ. ಯಾವ ಕಚೇರಿ, ಯಾವ ಸಾಹೇಬರು ಅಂತ ಕೇಳಬೇಡಿ, ನನಗೂ ನೌಕರಿ ಉಳೀಬೇಕು. ಅಲ್ಲಿ ನಾನು ಮಾತಾಡೋಕೆ ಕೂತವನಲ್ಲ, ನಡಾವಳಿ ಬರೆಯೋಕೆ ಕೂತವನು. ವಿಷಯ ಏನಪ್ಪಾ ಅಂದ್ರೆ, ಚಿತ್ರದುರ್ಗದ ಕೋಟೆಗೆ ಬರುವ ಪ್ರವಾಸಿಗರನ್ನು ಊರೊಳಗೆ ಕರೆತರುವುದು ಹೇಗೆ.

ವಿಷಯ ಒಳ್ಳೇದೇ. ಬೆಂಗಳೂರಿಂದ ಇನ್ನೂರು ಕಿಲೋಮೀಟರ್, ಹೆದ್ದಾರಿ ಪಕ್ಕದಲ್ಲೇ ಊರು. ಜನ ಕಾರಲ್ಲಿ ಬರ್ತಾರೆ, ಕೋಟೆ ಬಾಗಿಲಲ್ಲಿ ನಿಲ್ಲಿಸ್ತಾರೆ, ಟಿಕೆಟ್ ತಗೊಂಡು ಹತ್ತುತಾರೆ, ಓಬವ್ವನ ಕಿಂಡಿ ಹತ್ರ ಫೋಟೋ ತೆಗೀತಾರೆ, ಎರಡು ಮೂರು ಗಂಟೆಯಲ್ಲಿ ಇಳಿದು ಹಂಪಿ ಕಡೆಗೋ ದಾವಣಗೆರೆ ಕಡೆಗೋ ಹೊರಟುಬಿಡ್ತಾರೆ. ಚಹಾನೂ ಹೆದ್ದಾರಿ ಹೋಟೆಲಲ್ಲೇ. ದುರ್ಗದ ಪೇಟೆಗೆ ಉಳಿಯೋದು ಖಾಲಿ ನೀರಿನ ಬಾಟಲು. ಮೊಳಕಾಲ್ಮೂರು ಸೀರೆ, ಚಳ್ಳಕೆರೆ ಕಂಬಳಿ, ನಮ್ಮ ಮಂಡಕ್ಕಿ ಮೆಣಸಿನಕಾಯಿ, ಯಾವುದೂ ಅವರ ಕಣ್ಣಿಗೆ ಬೀಳಲ್ಲ.

ಸಭೆಯಲ್ಲಿ ಒಬ್ಬರು ರೋಪ್‌ವೇ ಅಂದ್ರು, ಇನ್ನೊಬ್ಬರು ಧ್ವನಿ ಬೆಳಕು ಅಂದ್ರು. ಅವೆಲ್ಲ ಗೋಡೆ ಒಳಗಿನ ಮಾತು. ಮೂರನೆಯವರು ನಕ್ಷೆ ಬಿಚ್ಚಿದರು. ಕೋಟೆಯಿಂದ ರಂಗಯ್ಯನ ಬಾಗಿಲ ಮ್ಯೂಸಿಯಂ, ಅಲ್ಲಿಂದ ಸಂತೆಹೊಂಡ, ಹೀಗೆ ನಡೆದು ನೋಡುವ ದಾರಿ, ಹಳದಿ ಗೆರೆ. ನಿಜ ಹೇಳ್ತೀನಿ, ನನಗೆ ಖುಷಿಯಾಯ್ತು. ಆಮೇಲೆ ನೋಡಿದೆ, ಆ ಗೆರೆ ನೆಟ್ಟಗೆ ಬಂದು ಒಂದು ಕಡೆ ಸೊಟ್ಟ ತಿರುಗಿ ಸುತ್ತು ಹಾಕಿ ಮತ್ತೆ ನೆಟ್ಟಗಾಗಿತ್ತು. ಅದು ಸುತ್ತು ಹಾಕಿದ್ದು ನಮ್ಮ ಕೇರಿಯನ್ನ.

ತಡೀಲಾರದೆ ಕೇಳಿದೆ. "ಅಲ್ಲಿ ಸ್ವಲ್ಪ ಗಲೀಜು ಇದೆಯಲ್ಲ, ಬಂದವರಿಗೆ ಮುಜುಗರ ಆಗುತ್ತೆ" ಅಂತ ಉತ್ತರ ಬಂತು. ಬೈದು ಹೇಳಿದ್ದಲ್ಲ, ಬಿಸ್ಕತ್ತು ತಿಂತಾ ಹೇಳಿದ್ದು. ನಾನು ನಡಾವಳಿಯಲ್ಲಿ "ಮಾರ್ಗ ಬದಲಾವಣೆ ಕುರಿತು ಚರ್ಚಿಸಲಾಯಿತು" ಅಂತ ಬರೆದೆ. ಇಪ್ಪತ್ತು ವರ್ಷದ ಗುಮಾಸ್ತಗಿರಿ ಕಲಿಸಿದ ಭಾಷೆ ಅದು. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ನನ್ನ ಪ್ರಶ್ನೆ. ಪ್ರವಾಸಿ ದುರ್ಗಕ್ಕೆ ಬರೋದು ಯಾರನ್ನ ನೋಡೋಕೆ? ಕೋಟೆ ಆಳಿದ ನಾಯಕರು ಬೇಡರು, ಇವತ್ತಿನ ಸರ್ಕಾರಿ ಲೆಕ್ಕದಲ್ಲಿ ಪರಿಶಿಷ್ಟ ಪಂಗಡ. ಹೈದರಾಲಿ ದಂಡು ಬಂದಾಗ ಕಿಂಡಿಯಲ್ಲಿ ಒನಕೆ ಹಿಡಿದು ನಿಂತವಳು ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ, ಛಲವಾದಿ ಮನೆತನದ ಹೆಣ್ಣುಮಗಳು. ಗಂಡ ಉಣ್ಣೋಕೆ ಕೂತಿದ್ದ, ಅವಳು ನೀರಿಗೆ ಬಂದಿದ್ದಳು. 1972ರ 'ನಾಗರಹಾವು' ಬಂದ ಮೇಲಂತೂ ಅರ್ಧ ಕರ್ನಾಟಕಕ್ಕೆ ಓಬವ್ವ ಅಂದ್ರೆ ಜಯಂತಿಯವರ ಮುಖ. ಊರಲ್ಲಿ ಅವಳ ಪ್ರತಿಮೆ ಇದೆ, ಅವಳ ಹೆಸರಿನ ಕ್ರೀಡಾಂಗಣ ಇದೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡ್ತಿದೆ. ಅವಳು ಬೇಕು, ಅವಳ ಒನಕೆ ಬೇಕು, ಅವಳ ಹೆಸರಿನ ಟಿಕೆಟ್ಟು ಬೇಕು. ಅವಳ ಕೇರಿ ಮಾತ್ರ ಗಲೀಜು!

ಗಲೀಜು ಅಂದ್ರಲ್ಲ, ಕೋಟೆ ರಸ್ತೆಯನ್ನ ದಿನಾ ಬೆಳಕು ಹರಿಯೋ ಮುಂಚೆ ಗುಡಿಸೋಕೆ ಹೋಗೋ ಹೆಂಗಸರು ಯಾವ ಕೇರಿಯವರು ಅಂತ ಒಮ್ಮೆ ವಿಚಾರಿಸಿ. ಊರು ಗುಡಿಸಿ ಮನೆಗೆ ಬಂದ್ರೆ ಅವರ ಬಾಗಿಲ ಮುಂದೆ ತೆರೆದ ಚರಂಡಿ. ಅದನ್ನ ಮುಚ್ಚಿಸೋಕಿಂತ ಹಳದಿ ಗೆರೆ ತಿರುಗಿಸೋದು ಸುಲಭ.

ಇನ್ನೊಂದು ವಿಷಯ ಆ ಸಭೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅದರಾಚೆ ಇನ್ನೂರು ಮೀಟರ್ ಅನುಮತಿ ಇಲ್ಲದೆ ಕಟ್ಟೋಹಾಗಿಲ್ಲ. 2010ರ ತಿದ್ದುಪಡಿ ಆದ್ಮೇಲೆ ಇದು ಇನ್ನೂ ಬಿಗಿ. ನಿಷೇಧದ ಜಾಗದಲ್ಲಿ ಇರೋ ಮನೆ ರಿಪೇರಿಗೂ ಅರ್ಜಿ ಹಾಕಬೇಕು. ನಮ್ಮ ಚಿಕ್ಕಮ್ಮ ಶೀಟು ತೆಗೆದು ತಾರಸಿ ಹಾಕಿಸಬೇಕು ಅಂತ ಅರ್ಜಿ, ನಕ್ಷೆ, ಫೋಟೋ ಅಂತ ಓಡಾಡಿ ಓಡಾಡಿ ಕೊನೆಗೆ ಹಳೇ ಶೀಟಿನ ಮೇಲೇ ಟಾರ್ಪಾಲ್ ಹೊದಿಸಿದಳು. ಕಾನೂನೇ ಬೇಡ ಅಂತ ನಾನು ಹೇಳ್ತಿಲ್ಲ. ಅದಿಲ್ಲದಿದ್ದರೆ ಕೋಟೆಯ ಕಲ್ಲು ಯಾರ್‍ಯಾರ ಬಂಗಲೆ ಪಾಯಕ್ಕೆ ಹೋಗ್ತಿತ್ತೋ. ಆದರೆ ಕೋಟೆ ಉಳಿಸೋ ಖರ್ಚನ್ನ ಸೋರೋ ಸೂರಿನ ರೂಪದಲ್ಲಿ ಕಟ್ತಿರೋರು ಗೋಡೆ ಪಕ್ಕದ ಬಡವರು. ಹಾಗಾದ್ರೆ ಆ ಕೋಟೆಯಿಂದ ಬರೋ ದುಡ್ಡಲ್ಲಿ ಮೊದಲ ಪಾಲು ಯಾರದು? ಹೆದ್ದಾರಿ ಹೋಟೆಲಿನವರದಾ?

"ನೀವೂ ಹೋಮ್‌ಸ್ಟೇ ಮಾಡ್ರಪ್ಪಾ" ಅಂತ ಒಬ್ಬ ಸಾಹೇಬರು ಪ್ರೀತಿಯಿಂದ ಸಲಹೆ ಕೊಟ್ಟರು. ಸಾರ್, ಇದೇ ಚಿತ್ರದುರ್ಗ ಕ್ಷೇತ್ರದ ದಲಿತ ಸಂಸದರನ್ನ 2019ರಲ್ಲಿ ಪಾವಗಡ ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಒಳಗೆ ಬಿಡದೆ ಹೊರಗೆ ಕುರ್ಚಿ ಹಾಕಿ ಕೂರಿಸಿದ್ದು ಮರೆತುಹೋಯ್ತಾ? ಸಂಸದರಿಗೇ ಹಟ್ಟಿಯೊಳಗೆ ಜಾಗ ಇಲ್ಲದ ಕಡೆ, ನಮ್ಮ ಮನೆ ಮುದ್ದೆ ಸಾರು ಉಣ್ಣೋಕೆ ಬಂದವರು ಮೊದಲು ಏನು ಕೇಳ್ತಾರೆ ಅಂತ ನಮಗೆ ಗೊತ್ತು. ಹೆಸರು ಕೇಳ್ತಾರೆ, ಊರು ಕೇಳ್ತಾರೆ, ಆಮೇಲೆ ಹೊಟ್ಟೆ ತುಂಬಿದೆ ಅಂತಾರೆ.

ನಮ್ಮ ಗೆಳೆಯರಲ್ಲೂ ಕೆಲವರು ನನಗೆ ಬೈದರು. ಒಳಮೀಸಲಾತಿ, ಭೂಮಿ, ಹಾಸ್ಟೆಲ್ ಬಿಟ್ಟು ನಿನಗೆ ಪ್ರವಾಸೋದ್ಯಮ ಯಾಕೆ? ಕೇರಿಯನ್ನ ಮೃಗಾಲಯ ಮಾಡ್ತೀಯಾ? ಈ ಎರಡನೇ ಮಾತು ನನ್ನನ್ನೂ ಕಾಡುತ್ತೆ. ಮುಂಬೈನ ಧಾರಾವಿಗೆ ಬಡತನ ನೋಡೋಕೇ ಟಿಕೆಟ್ ಕೊಟ್ಟು ಬರೋ ವಿದೇಶಿಯರಿದ್ದಾರೆ. ನಮಗೆ ಆ ಗತಿ ಬೇಡ. ಕ್ಯಾಮೆರಾ ಹಿಡಿದು ನಮ್ಮ ಬಾಗಿಲಿಗೆ ಬಗ್ಗಿ ನೋಡೋರು ಬೇಡ. ಆದರೆ ಗೆಳೆಯರೇ, ನಾವು ಬೇಡ ಅಂದ್ರೂ ಬಿಟ್ರೂ ಓಬವ್ವ ಮಾರಾಟ ಆಗ್ತಾನೇ ಇದ್ದಾಳೆ. ಗಲ್ಲಾ ಪೆಟ್ಟಿಗೆ ಹತ್ರ ನಮ್ಮೋರು ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ.

ಕೋಟೆಯ ನೀರಿನ ವ್ಯವಸ್ಥೆ ನೋಡಿದ್ದೀರಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿಯರ ಹೊಂಡಕ್ಕೆ ಬಂದು, ಸಿಹಿನೀರು ಹೊಂಡಕ್ಕೆ ಇಳಿದು, ಕೊನೆಗೆ ಊರ ನಡುವಿನ ಸಂತೆಹೊಂಡ ಸೇರೋ ಹಾಗೆ ಕಟ್ಟಿದ್ದಾರೆ. ಒಂದು ತುಂಬಿದ್ರೆ ಇನ್ನೊಂದಕ್ಕೆ. ಮೇಲಿನದು ಮೇಲೇ ನಿಲ್ಲಬಾರದು ಅನ್ನೋ ಬುದ್ಧಿ ಆ ಕಾಲದ ಒಡ್ಡರಿಗೆ, ಕಲ್ಲುಕುಟಿಗರಿಗೆ ಇತ್ತು. ಆ ನೀರು ಯಾರ ಕೊಡಕ್ಕೆ ಎಷ್ಟು ಸಿಕ್ತು ಅನ್ನೋದು ಬೇರೆ ಕತೆ, ಇನ್ನೊಂದಿನ ಬರೀತೀನಿ. ದುಡ್ಡಿಗೂ ಅಂಥದ್ದೇ ಒಂದು ದಾರಿ ತೋಡಿ ಅಂತ ಕೇಳ್ತಿದ್ದೀವಿ.

ಹಳದಿ ಗೆರೆ ನೆಟ್ಟಗಾಗಲಿ, ಕೇರಿ ಮೂಲಕವೇ ಹೋಗಲಿ, ಅದಕ್ಕೆ ಮುಂಚೆ ಚರಂಡಿ ಮುಚ್ಚಲಿ. ಬಿಎ ಮಾಡಿ ಗಾರೆ ಕೆಲಸಕ್ಕೆ ಹೋಗ್ತಿರೋ ನಮ್ಮ ಹುಡುಗ ಹುಡುಗೀರಿಗೆ ಗೈಡ್ ತರಬೇತಿ, ಲೈಸೆನ್ಸ್ ಕೊಡಲಿ. ಓಬವ್ವನ ಕತೆಯನ್ನ ಅವಳ ಜಾತಿ ಮುಚ್ಚಿಡದೆ ಅವರು ಹೇಳ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಕೋಟೆ ರಸ್ತೆಯಲ್ಲಿ ಜಾಗ ಗುರುತಿಸಿ, ನಮ್ಮ ಹೆಂಗಸರ ಸಂಘಗಳಿಗೆ ಪಾಲು ಕೊಡಲಿ. ಕಾರುಗಳನ್ನ ಕೋಟೆ ಬಾಗಿಲ ತನಕ ಬಿಡದೆ ಕೆಳಗೇ ನಿಲ್ಲಿಸಲಿ, ಆಗ ತಾನೇ ಜನ ಊರೊಳಗೆ ಕಾಲಿಡೋದು. ಮತ್ತೆ ಒಂದು ಎಚ್ಚರಿಕೆ, ಈ ದೀಪ ರಸ್ತೆಗಳ ಖರ್ಚನ್ನ ತಂದು ನಮ್ಮ ಎಸ್‌ಸಿಎಸ್‌ಪಿ ಲೆಕ್ಕಕ್ಕೆ ಬರೆಯಬೇಡಿ. ಹಾಗೆ ಬರೆಯೋಕೆ ದಾರಿ ಆಗಿದ್ದ 7ಡಿ ಕಲಮನ್ನ 2023ರಲ್ಲೇ ಹೋರಾಡಿ ತೆಗೆಸಿದ್ದೀವಿ.

ಈ ಸಲ ನವೆಂಬರ್ 11ಕ್ಕೆ ಹಾರ ಹಾಕಿ ಫೋಟೋ ತೆಗೆಸ್ಕೊಂಡು ಮನೆಗೆ ಹೋಗೋದು ಬೇಡ. ಕಿಂಡಿಯಿಂದ ಕೇರಿ ತನಕ ನಡೆಯೋಣ, ಆ ನಕ್ಷೆ ಬಿಟ್ಟುಹೋದ ದಾರಿಯಲ್ಲೇ. ಬರೋರು ಕೆಳಗೆ ಹೆಸರು ಹಾಕಿ. ಮನವಿಪತ್ರದ ಕರಡು ನಾನು ಬರೀತೀನಿ. ಈ ಸಲ "ಚರ್ಚಿಸಲಾಯಿತು" ಅಂತ ಬರೆಯಲ್ಲ.